ಹತ್ತು ದಿನ ಒಣಗಿದ ಮಡಕೆ ಆವಿಗೆಯಲ್ಲಿ ಯಾಕೆ ಸಿಡಿಯಿತು?

ಓದುಗರ ಪ್ರಶ್ನೆ: "ಮೂರು ವರ್ಷದಿಂದ ಹವ್ಯಾಸಕ್ಕೆ ಮಣ್ಣಿನ ಕೆಲಸ ಮಾಡ್ತಿದ್ದೀನಿ. ಈಚೆಗೆ ಮಡಕೆ ಸುಡೋಕೆ ಒಂದು ಸಣ್ಣ ಎಲೆಕ್ಟ್ರಿಕ್ ಆವಿಗೆ ತಗೊಂಡೆ. ಮೊದಲ ಸಲ ಏಳು ಮಡಕೆ ಇಟ್ಟೆ. ಎಲ್ಲವನ್ನೂ ಹತ್ತು ದಿನ ಒಣಗಿಸಿದ್ದೆ, ಬಣ್ಣ ಪೂರ್ತಿ ಬಿಳಚಿತ್ತು, ಮುಟ್ಟಿದರೆ ಒಣಗಿದ ಹಾಗೇ ಇತ್ತು. ಗಂಟೆಗೆ 150 ಡಿಗ್ರಿಯ ಹಾಗೆ ಬಿಸಿ ಏರಿಸಿದೆ. ಒಂದೂವರೆ ಗಂಟೆಗೆ ಒಳಗಿಂದ ಡಬ್ ಅಂತ ಸದ್ದು, ಸ್ವಲ್ಪ ಹೊತ್ತಿಗೆ ಇನ್ನೆರಡು ಸಲ. ನಿಲ್ಲಿಸಲಿಲ್ಲ, 1,000 ಡಿಗ್ರಿವರೆಗೂ ಸುಟ್ಟೆ. ತೆಗೆದು ನೋಡಿದರೆ ಮೂರು ಮಡಕೆ ಚೂರುಚೂರು. ಮೂರೂ ದಪ್ಪ ತಳದವು, ಹೆಚ್ಚುಕಡಿಮೆ ಎರಡು ಸೆಂಟಿಮೀಟರ್. ಇನ್ನೊಂದರ ತಳದಲ್ಲಿ ಹಾವಿನ ಹಾಗೆ ಬಳುಕಿದ ಸೀಳು. ಮೂರು ಚೆನ್ನಾಗಿ ಬಂದವು, ಆದರೆ ಅದರಲ್ಲೂ ಒಂದರ ಮೈಯಿಂದ ಹನ್ನೆರಡು ದಿನದ ಮೇಲೆ ಚಕ್ಕೆ ಎದ್ದು ಬಿತ್ತು, ಗುಳಿ ನಡುವೆ ಬಿಳಿ ಚುಕ್ಕೆ. ಗೊತ್ತಿದ್ದವರೆಲ್ಲ ಹೇಳೋದು ಒಂದೇ, ಮಣ್ಣು ಸರಿಯಾಗಿ ನಾದಿಲ್ಲ, ಗಾಳಿಗುಳ್ಳೆ ಉಳಿದಿದೆ ಅಂತ. ನಾನು ಚೆನ್ನಾಗೇ ನಾದಿದ್ದೆ. ಈಗ ಆವಿಗೆ ಹಚ್ಚೋಕೇ ಭಯ ಆಗುತ್ತೆ. ಎಲ್ಲಿ ತಪ್ಪಿದೆ?"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ನಿಮ್ಮ ಆವಿಗೆಯೊಳಗೆ ದೊಣ್ಣೆ ಬೀಸಿದ್ದು ನೀರು. ಗಾಳಿಯಲ್ಲ. ನೀವು ನಾದಿದ್ದರಲ್ಲಿ ತಪ್ಪಿರಲಿಕ್ಕಿಲ್ಲ. ನಿಮ್ಮ ಪತ್ರದಲ್ಲಿ ಇರುವುದು ಒಂದು ತೊಂದರೆಯೂ ಅಲ್ಲ, ಮೂರು. ಸಿಡಿದದ್ದು ಒಂದು ಕಾರಣಕ್ಕೆ, ತಳ ಸೀಳಿದ್ದು ಇನ್ನೊಂದು ಕಾರಣಕ್ಕೆ, ತಡವಾಗಿ ಚಕ್ಕೆ ಎದ್ದದ್ದು ಬೇರೆಯೇ ಕಾರಣಕ್ಕೆ. ಎಲ್ಲವನ್ನೂ ಗಾಳಿಗುಳ್ಳೆಯ ತಲೆಗೆ ಕಟ್ಟಿದರೆ ಮುಂದಿನ ಸಲವೂ ಇದೇ ಆಗುತ್ತದೆ, ನೀವು ಮಣ್ಣನ್ನು ಇನ್ನೂ ಒಂದು ಗಂಟೆ ಜಾಸ್ತಿ ನಾದಿ ಕೈ ನೋಯಿಸಿಕೊಳ್ಳುತ್ತೀರಿ, ಅಷ್ಟೆ.

ಈ ಗಾಳಿಗುಳ್ಳೆಯ ಮಾತು ಇಷ್ಟು ವರ್ಷ ಯಾಕೆ ಸಾಯದೆ ಉಳಿದಿದೆ ಅಂದರೆ ಅದರಲ್ಲಿ ಕಾಲುಪಾಲು ನಿಜ ಇದೆ. ಮಣ್ಣು ದಪ್ಪಗಿರುವ ಕಡೆ ಗುಳ್ಳೆ ಸಿಕ್ಕಿಕೊಳ್ಳುವುದೂ ಜಾಸ್ತಿ, ಅಲ್ಲೇ ತೇವವೂ ಜಾಸ್ತಿ ದಿನ ಉಳಿಯುತ್ತದೆ. ಸಿಡಿದ ಚೂರನ್ನು ತಿರುಗಿಸಿ ನೋಡಿದರೆ ಗುಳ್ಳೆಯ ಗುರುತು ಕಣ್ಣಿಗೆ ಕಾಣುತ್ತದೆ. ನೀರು ಗುರುತು ಬಿಡದೆ ಹೋಗಿರುತ್ತದೆ. ಸಿಕ್ಕಿಬಿದ್ದವನೇ ಕಳ್ಳ!

ಲೆಕ್ಕ ನೋಡಿ. ಕೋಣೆಯ ಬಿಸಿಯಲ್ಲಿರುವ ಗಾಳಿಯನ್ನು 225 ಡಿಗ್ರಿಗೆ ಕಾಯಿಸಿದರೆ ಅದು ಎರಡು ಪಟ್ಟು ಕೂಡ ಹಿಗ್ಗುವುದಿಲ್ಲ. ಒಣಗಿದ ಮಣ್ಣಿನ ತುಂಬ ಕಣ್ಣಿಗೆ ಕಾಣದ ಸಂದುಗಳಿರುತ್ತವೆ, ಅಷ್ಟು ಗಾಳಿ ಅಲ್ಲಿಂದ ನುಸುಳಿಕೊಂಡು ಹೋಗುತ್ತದೆ. ಆದರೆ ನೀರು 100 ಡಿಗ್ರಿಯಲ್ಲಿ ಕುದಿದು ಹಬೆಯಾದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಜಾಗ ಸಿಗದಿದ್ದರೆ ಒತ್ತಡ ಏರುತ್ತದೆ. ಮುಚ್ಚಿದ ಜಾಗದಲ್ಲಿ ಸಿಕ್ಕಿಕೊಂಡ ನೀರಿನ ಹಬೆಯ ಒತ್ತಡ 150 ಡಿಗ್ರಿಯಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಐದು ಪಟ್ಟು, 200 ಡಿಗ್ರಿಯಲ್ಲಿ ಹದಿನೈದು ಪಟ್ಟು. ಸುಡದ ಮಣ್ಣಿಗೆ ಅದನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಬೆರಳಲ್ಲಿ ಒತ್ತಿದರೆ ಮುರಿಯುವ ವಸ್ತು ಅದು. ನಿಮಗೆ ಸದ್ದು ಕೇಳಿದ್ದು ಒಂದೂವರೆ ಗಂಟೆಗೆ, ಅಂದರೆ ಸುಮಾರು 225 ಡಿಗ್ರಿಯಲ್ಲಿ. ಹಬೆಯಿಂದ ಸಿಡಿಯುವ ಮಡಕೆಗಳು ಸಾಮಾನ್ಯವಾಗಿ ಸಿಡಿಯುವುದೇ ಆ ಹೊತ್ತಿಗೆ.

ಹೊಸದರಲ್ಲಿ ನನಗೂ ಈ ಅನುಮಾನ ಇತ್ತು. ಹಟಕ್ಕೆ ಬಿದ್ದು ಒಂದು ತೂತೂ ಇಲ್ಲದ ಟೊಳ್ಳು ಉಂಡೆ ಮಾಡಿದೆ. ಎರಡು ತಿಂಗಳು ನೆರಳಲ್ಲಿ ಒಣಗಿಸಿ, ರಾತ್ರಿಯಿಡೀ ಸಣ್ಣ ಬಿಸಿಯಲ್ಲಿಟ್ಟು, ನಿಧಾನಕ್ಕೆ ಸುಟ್ಟೆ. ಹೊಟ್ಟೆ ತುಂಬ ಗಾಳಿ ಇಟ್ಟುಕೊಂಡು ಏನೂ ಆಗದೆ ಹೊರಗೆ ಬಂತು. ಇನ್ನೊಂದು ದಿನ ಗುಳ್ಳೆ ಒಂದೂ ಇರದ ಹಾಗೆ ನಾದಿದ ಗಟ್ಟಿ ತುಂಡನ್ನು ಅರೆ ಒಣಗಿರುವಾಗಲೇ ಒಳಗಿಟ್ಟು ಜೋರಾಗಿ ಬಿಸಿ ಏರಿಸಿದೆ. ಪುಡಿ. (ಇದನ್ನು ನೀವು ಮಾಡಿ ನೋಡಬೇಡಿ, ಆ ಪುಡಿಯನ್ನು ಕಾಯಿಲ್, ಅಂದರೆ ಆವಿಗೆ ಕಾಯಿಸುವ ತಂತಿಸುರುಳಿಯ, ಸಂದಿನಿಂದ ತೆಗೆಯುವಷ್ಟರಲ್ಲಿ ನನಗೆ ಸಾಕಾಗಿತ್ತು.) ಟೊಳ್ಳು ಆಕೃತಿಗೆ ಸೂಜಿ ತೂತು ಇಡಿ ಅನ್ನುವುದು ಒಳ್ಳೆಯ ಮಾತೇ. ಮಣ್ಣು ಒಣಗುತ್ತ ಕುಗ್ಗುವಾಗ ಒಳಗಿನ ಗಾಳಿ ಅಡ್ಡ ನಿಂತು ಬಿರುಕು ಬಿಡಿಸಬಹುದು, ಮತ್ತೆ ಒಳಮೈ ಒಣಗುವುದಕ್ಕೂ ಆ ತೂತು ದಾರಿ ಕೊಡುತ್ತದೆ. ನಾದುವುದನ್ನೂ ಬಿಡಬೇಡಿ. ತೇವ ಎಲ್ಲ ಕಡೆ ಒಂದೇ ಸಮ ಆಗುವುದಕ್ಕೆ, ತಿಗರಿಯ (ಕುಂಬಾರನ ಚಕ್ರದ) ಮೇಲೆ ಕೈ ಎಡವದಿರುವುದಕ್ಕೆ ಅದು ಬೇಕೇ ಬೇಕು.

ಸರಿ, ಹತ್ತು ದಿನ ಒಣಗಿಸಿದ ಮಡಕೆಯಲ್ಲಿ ನೀರು ಎಲ್ಲಿತ್ತು?

ಮಣ್ಣಿನಲ್ಲಿ ನೀರು ಮೂರು ಥರ ಕೂತಿರುತ್ತದೆ. ಮೊದಲನೆಯದು ಕಣಗಳ ನಡುವೆ ಜಾರುಗೊಡುವ ನೀರು. ಇದು ಹೋಗುವಾಗಲೇ ಮಡಕೆ ಕುಗ್ಗುವುದು, ಉದ್ದದಲ್ಲಿ ಸಾಮಾನ್ಯವಾಗಿ ನೂರಕ್ಕೆ ಐದರಿಂದ ಎಂಟು ಭಾಗ. ಕಣಗಳು ಒಂದಕ್ಕೊಂದು ತಾಗಿ ನಿಂತವು ಅಂದರೆ ಕುಗ್ಗುವುದು ಹೆಚ್ಚುಕಡಿಮೆ ಮುಗಿಯಿತು. ಆದರೆ ನೀರು ಮುಗಿದಿಲ್ಲ. ಕಣಗಳ ನಡುವಿನ ಸಂದುಗಳಲ್ಲಿ ಇನ್ನೂ ನೀರಿದೆ, ಇದು ಎರಡನೆಯದು, ನಿಮ್ಮ ಮಡಕೆ ಒಡೆದದ್ದು ಇದರಿಂದ. ಮೂರನೆಯದು ಮಣ್ಣಿನ ಹರಳಿನೊಳಗೇ ಸೇರಿಕೊಂಡದ್ದು. ಕೇಯೊಲಿನ್ ಅನ್ನುವ ಬಿಳಿ ಜೇಡಿ ಶುದ್ಧವಾಗಿದ್ದರೆ ಅದರ ತೂಕದಲ್ಲಿ ನೂರಕ್ಕೆ ಸುಮಾರು 14 ಭಾಗ ಇದೇ. ಅದು ಎಷ್ಟು ಬಿಸಿಲಿಗೂ ಬಗ್ಗುವುದಿಲ್ಲ, 450ರಿಂದ 600 ಡಿಗ್ರಿಯ ನಡುವೆ ನಿಧಾನವಾಗಿ ಬಿಟ್ಟು ಹೋಗುತ್ತದೆ. ಅಷ್ಟು ಹೊತ್ತಿಗೆ ಸಂದುಗಳೆಲ್ಲ ಖಾಲಿಯಾಗಿ ದಾರಿ ತೆರೆದಿರುವುದರಿಂದ ಅದು ಅಷ್ಟಾಗಿ ತೊಂದರೆ ಕೊಡುವುದಿಲ್ಲ.

ಈಗ ದಪ್ಪದ ವಿಷಯ, ನಿಮ್ಮ ಕಥೆಯ ಗಂಟು ಇರುವುದೇ ಇಲ್ಲಿ. ಮೇಲ್ಮೈ ಒಣಗಿದ ಮೇಲೆ ಒಳಗಿನ ನೀರು ಮಣ್ಣಿನೊಳಗೆ ತೆವಳಿಕೊಂಡು ಹೊರಗೆ ಬರಬೇಕು. ದಪ್ಪ ಎರಡರಷ್ಟಾದರೆ ಸಮಯ ಎರಡರಷ್ಟಲ್ಲ, ಹತ್ತಿರ ಹತ್ತಿರ ನಾಲ್ಕರಷ್ಟು. ನಿಮ್ಮ ಮಡಕೆಯ ಗೋಡೆ ಆರು ಮಿಲಿಮೀಟರ್, ತಳ ಎರಡು ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಗೋಡೆ ಮೂರು ದಿನಕ್ಕೆ ಒಣಗಿದರೆ ತಳಕ್ಕೆ ಒಂದು ತಿಂಗಳು ಬೇಕಾಗಬಹುದು. ಅದರ ಮೇಲೆ ಮಡಕೆ ಹಲಗೆಯ ಮೇಲೆ ಕೂತಿತ್ತು, ತಳ ಒಂದೇ ಕಡೆಯಿಂದ ಒಣಗಬೇಕಾಯಿತು. ಹತ್ತು ದಿನ ಅನ್ನುವುದು ಗೋಡೆಗೆ ಧಾರಾಳ, ತಳಕ್ಕೆ ಏನೇನೂ ಸಾಲದು. ಬಣ್ಣ ನೋಡಿ ನಂಬಿದಿರಿ, ಬಣ್ಣ ಹೇಳುವುದು ಹೊರಮೈಯ ಸುದ್ದಿ ಮಾತ್ರ.

ಕೆನ್ನೆಗೆ ಹಿಡಿದು ನೋಡುವ ರೂಢಿ ಇದೆ. ತಣ್ಣಗಿದ್ದರೆ ಒಳಗೆ ತೇವ ಇದೆ, ನೀರು ಇನ್ನೂ ಆರುತ್ತ ಬಿಸಿ ಎಳೆದುಕೊಳ್ಳುತ್ತಿದೆ ಅಂತ. ತೆಳು ಮಡಕೆಗೆ ಈ ಪರೀಕ್ಷೆ ಸಾಕು. ದಪ್ಪದ್ದಕ್ಕೆ ಕೈ ಕೊಡುತ್ತದೆ, ಯಾಕೆಂದರೆ ಒಳಗಿನ ನೀರು ಅಷ್ಟು ನಿಧಾನವಾಗಿ ಬರುತ್ತಿರುವಾಗ ಮೇಲ್ಮೈ ತಣ್ಣಗಾಗುವುದೇ ಇಲ್ಲ. ನಾನು ನಂಬುವುದು ತಕ್ಕಡಿಯನ್ನು. ಗ್ರಾಂ ತೋರಿಸುವ ಯಾವ ಸಾದಾ ಡಿಜಿಟಲ್ ತಕ್ಕಡಿಯಾದರೂ ಆದೀತು. ದಿನಾ ಒಂದೇ ಹೊತ್ತಿಗೆ ತೂಗಿ, ತೂಕವನ್ನು ಚೀಟಿಯಲ್ಲಿ ಬರೆದು ಮಡಕೆಯ ಹತ್ತಿರ ಇಡಿ. ಮೂರು ದಿನ ತೂಕ ಕದಲಲಿಲ್ಲ ಅಂದರೆ ಗಾಳಿಯಲ್ಲಿ ಒಣಗುವಷ್ಟು ಒಣಗಿತು ಅಂತ ಲೆಕ್ಕ. ಒಂದೇ ಒಂದು ಗ್ರಾಂ ಇಳಿಯುತ್ತಿದ್ದರೂ ಕಾಯಿರಿ. ಆ ಒಂದು ಗ್ರಾಂ ನೀರು ಹಬೆಯಾದರೆ ಒಂದೂವರೆ ಲೀಟರ್‌ಗಿಂತ ಜಾಸ್ತಿ ಆಗುತ್ತದೆ.

ಅಷ್ಟಾದರೂ ಮಡಕೆ ಪೂರ್ತಿ ಒಣಗಿರುವುದಿಲ್ಲ. ಗಾಳಿಯಲ್ಲೇ ತೇವ ಇರುತ್ತದಲ್ಲ, ಮಣ್ಣು ಅದಕ್ಕೆ ಸರಿಯಾಗಿ ತನ್ನ ಪಾಲು ಇಟ್ಟುಕೊಂಡಿರುತ್ತದೆ. ಹವೆ ತೇವವಾಗಿದ್ದರೆ ಆರು ತಿಂಗಳು ಇಟ್ಟರೂ ಅಷ್ಟೇ. ಆ ಕೊನೆಯ ನೀರನ್ನು ಆವಿಗೆಯೇ ತೆಗೆಯಬೇಕು, ಅದನ್ನು ಕುದಿಸದೆ ತೆಗೆಯಬೇಕು.

ಮಡಕೆ ಮಾಡುವವರು ಇದಕ್ಕೆ ಕ್ಯಾಂಡ್ಲಿಂಗ್ ಅನ್ನುತ್ತಾರೆ. ಆವಿಗೆಯನ್ನು 80ರಿಂದ 90 ಡಿಗ್ರಿಗೆ ತಂದು ಅಲ್ಲೇ ನಿಲ್ಲಿಸುವುದು. ನೂರು ದಾಟಬಾರದು. ಮೇಲಿನ ಇಣುಕು ತೂತಿನ ಬಿರಡೆ ತೆಗೆದಿಡಿ, ಮುಚ್ಚಳವನ್ನು ಒಂದೆರಡು ಬೆರಳು ಎತ್ತಿಡಿ, ಇಲ್ಲದಿದ್ದರೆ ಬಂದ ತೇವ ಒಳಗೇ ಸುತ್ತುತ್ತಿರುತ್ತದೆ. ಕೆಲವು ಆವಿಗೆಗಳು ಮುಚ್ಚಳ ಎತ್ತಿದರೆ ತಾವೇ ಆರಿಹೋಗುತ್ತವೆ, ಅಂಥದ್ದರಲ್ಲಿ ತೂತು ತೆರೆದರೆ ಸಾಕು. ತೆಳು ಬಟ್ಟಲುಗಳಿಗೆ ಎರಡು ಮೂರು ಗಂಟೆ. ನಿಮ್ಮಂಥ ತಳಕ್ಕೆ ಒಂದು ಇಡೀ ರಾತ್ರಿ, ಹತ್ತು ಹನ್ನೆರಡು ಗಂಟೆ. ಮುಗಿಯಿತೋ ಇಲ್ಲವೋ ನೋಡಲು ತಣ್ಣಗಿನ ಕನ್ನಡಿಯ ತುಂಡನ್ನು ಇಕ್ಕಳದಲ್ಲಿ ಹಿಡಿದು ತೂತಿನೆದುರು ಒಂದು ಕ್ಷಣ ತೋರಿಸಿ. ಮಂಜು ಕಟ್ಟಿದರೆ ಇನ್ನೂ ನೀರು ಬರುತ್ತಿದೆ.

ಇಲ್ಲೊಂದು ಮಾತು. ಪರದೆಯ ಮೇಲೆ ಕಾಣುವ ಅಂಕಿ ಆವಿಗೆಯೊಳಗಿನ ಗಾಳಿಯ ಬಿಸಿ, ಮಡಕೆಯ ಹೊಟ್ಟೆಯೊಳಗಿನದ್ದಲ್ಲ. ದಪ್ಪ ತಳ ಯಾವಾಗಲೂ ಹಿಂದೆ ಉಳಿದಿರುತ್ತದೆ. ನೀವು ಗಂಟೆಗೆ 150 ಏರಿಸಿದಾಗ ಗಾಳಿ 225ಕ್ಕೆ ಹೋಗಿತ್ತು, ತಳದ ಒಳಭಾಗ ಆಗಷ್ಟೇ ಕುದಿಯುವ ಗೆರೆ ದಾಟಿ ಮೇಲೇರುತ್ತಿತ್ತು. ಬಿಸಿ ಇನ್ನೂ ಏರುತ್ತಲೇ ಇತ್ತು, ಹಬೆಗೆ ತಪ್ಪಿಸಿಕೊಳ್ಳಲು ಸಮಯ ಸಿಗಲಿಲ್ಲ.

ಕ್ಯಾಂಡ್ಲಿಂಗ್ ಆದ ಮೇಲೆ 200 ಡಿಗ್ರಿ ದಾಟುವ ತನಕ ಗಂಟೆಗೆ 50, 60ರಂತೆ ಹೋಗಿ. ಆಮೇಲೆ 600ರವರೆಗೆ ಗಂಟೆಗೆ 100 ಪರವಾಗಿಲ್ಲ. 573 ಡಿಗ್ರಿಯಲ್ಲಿ ಮಣ್ಣಿನಲ್ಲಿರುವ ಸ್ಫಟಿಕದ ಮರಳು, ಅಂದರೆ ಕ್ವಾರ್ಟ್ಸ್, ತಟ್ಟನೆ ಒಂದಿಷ್ಟು ಹಿಗ್ಗುತ್ತದೆ, ಇಳಿಯುವಾಗ ಅದೇ ಜಾಗದಲ್ಲಿ ಕುಗ್ಗುತ್ತದೆ. ಮಡಕೆಯ ಒಂದು ಬದಿ ಆ ಗೆರೆ ದಾಟಿ ಇನ್ನೊಂದು ಬದಿ ದಾಟದಿದ್ದರೆ ಎಳೆದಾಟದಲ್ಲಿ ಸೀಳುತ್ತದೆ. ಅದಕ್ಕೇ ಅಲ್ಲಿ ಅವಸರ ಬೇಡ ಅನ್ನುವುದು. 600 ಆದ ಮೇಲೆ ಗಂಟೆಗೆ 150 ಏರಿಸಬಹುದು, ಮಣ್ಣಿನಲ್ಲಿ ಬೇರು, ಎಲೆಯಂಥ ಕಸ ಜಾಸ್ತಿ ಇದ್ದರೆ ಅದು ಸುಟ್ಟು ಹೋಗಲು ಗಾಳಿಯೂ ಸಮಯವೂ ಬೇಕು, ಇಲ್ಲದಿದ್ದರೆ ಮಡಕೆ ಮುರಿದಾಗ ನಡುವೆ ಕಪ್ಪು ಪಟ್ಟಿ ಕಾಣುತ್ತದೆ. ಮೊದಲ ಸುಡುವಿಕೆಗೆ 06 ನಂಬರಿನ ಕೋನ್ (ಗೊತ್ತಾದ ಬಿಸಿಗೆ ಮೆತ್ತಗಾಗಿ ಬಾಗುವ ಸಣ್ಣ ಗುರುತಿನ ಗೂಟ) ಬಾಗುವಷ್ಟು, ಅಂದರೆ 1,000 ಡಿಗ್ರಿ ಆಸುಪಾಸು ಸಾಕು. ನೀವು ನಿಲ್ಲಿಸಿದ ಜಾಗ ಸರಿಯಾಗಿಯೇ ಇತ್ತು. ಇಳಿಯುವಾಗ ಆವಿಗೆಯನ್ನು ಅದರ ಪಾಡಿಗೆ ಬಿಡಿ. 200ಕ್ಕಿಂತ ಕೆಳಗೆ ಬಂದ ಮೇಲೆ ಬಿರಡೆ ತೆಗೆಯಿರಿ, ನೂರರ ಕೆಳಗೆ ಮುಚ್ಚಳ. ಕುತೂಹಲಕ್ಕೆ ಬೇಗ ತೆಗೆದು, ಟಿಣ್ ಅಂತ ಸಣ್ಣ ಸದ್ದು ಕೇಳಿಸಿಕೊಂಡು ಪೆಚ್ಚಾದವರು ಬಹಳ ಜನ. ನಾನೂ ಅದರಲ್ಲೊಬ್ಬ.

ಇಷ್ಟು ಕಾಯಲಾಗದಿದ್ದರೆ ಬೇರೆ ದಾರಿಗಳೂ ಇವೆ. ಅಡುಗೆಯ ಓವನ್ನಿನಲ್ಲಿ 80, 90 ಡಿಗ್ರಿಗೆ ಬಾಗಿಲು ಸ್ವಲ್ಪ ತೆರೆದು ಒಣಗಿಸಬಹುದು, ಕೊನೆಯ ತೇವ ತೆಗೆಯುವುದಕ್ಕೆ ಚೆನ್ನಾಗೇ ಆಗುತ್ತದೆ. ಆದರೆ ಮಡಕೆ ಮೊದಲೇ ಗಾಳಿಯಲ್ಲಿ ಒಣಗಿ ಕುಗ್ಗಿ ಮುಗಿದಿರಬೇಕು. ಹಸಿದನ್ನು ಹಾಕಿದರೆ ಹೊರಮೈ ಮೊದಲು ಕುಗ್ಗಿ ಬಿರುಕು ಬಿಡುತ್ತದೆ. ಓವನ್ನಿನಲ್ಲೇ ಸುಟ್ಟುಬಿಡಬಹುದಾ ಅಂತ ಕೆಲವರು ಕೇಳುತ್ತಾರೆ, ಆಗುವುದಿಲ್ಲ. 250 ಡಿಗ್ರಿಗೆ ಮಣ್ಣು ಮಣ್ಣಾಗಿಯೇ ಇರುತ್ತದೆ, ನೀರಿಗೆ ಹಾಕಿದರೆ ಕರಗುತ್ತದೆ. ಬಿಸಿಲು, ಫ್ಯಾನ್ ಎರಡರದ್ದೂ ಒಂದೇ ತೊಂದರೆ, ಒಂದು ಬದಿ ಓಡುತ್ತದೆ, ಇನ್ನೊಂದು ಬದಿ ಕೂತಿರುತ್ತದೆ. ಕುಗ್ಗುವ ಹಂತ ಮುಗಿದ ಮೇಲೆ ಬಿಸಿಲಿಗಿಟ್ಟರೆ ಅಷ್ಟು ಅಪಾಯ ಇಲ್ಲ, ಆಗಾಗ ತಿರುಗಿಸುತ್ತಿರಿ.

ಮಣ್ಣಿಗೇ ಮರಳು ಅಥವಾ ಸುಟ್ಟ ಮಣ್ಣಿನ ನುರಿ ಬೆರೆಸುವುದು ಇನ್ನೊಂದು ದಾರಿ, ಆ ನುರಿಗೆ ಗ್ರಾಗ್ ಅನ್ನುತ್ತಾರೆ. ಹಬೆಗೆ ದಾರಿ ಸಿಗುತ್ತದೆ, ಕುಗ್ಗುವುದೂ ಕಡಿಮೆಯಾಗುತ್ತದೆ. ಆದರೆ ಮೈ ಒರಟಾಗುತ್ತದೆ, ತಿಗರಿಯ ಮೇಲೆ ಅಂಗೈ ಉಜ್ಜುತ್ತದೆ. ನನ್ನನ್ನು ಕೇಳಿದರೆ ನಿಮಗೆ ಇದ್ಯಾವುದಕ್ಕಿಂತ ಸುಲಭದ್ದು ಬೇರೆ ಇದೆ. ಆ ತಳ ಎರಡು ಸೆಂಟಿಮೀಟರ್ ಯಾಕಿರಬೇಕು? ಅರೆ ಒಣಗಿದ ಹದದಲ್ಲಿ ಮಡಕೆ ಬೋರಲು ಹಾಕಿ ತಳವನ್ನು ಗೋಡೆಯಷ್ಟೇ ದಪ್ಪಕ್ಕೆ ಕೆತ್ತಿ ತೆಗೆದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಮಡಕೆ ಹಗುರವೂ ಆಗುತ್ತದೆ.

ಇನ್ನು ಆ ಬಳುಕಿದ ಸೀಳು. ಇದು ಆವಿಗೆಯಲ್ಲಿ ಹುಟ್ಟಿದ್ದಲ್ಲ, ಆವಿಗೆಯಲ್ಲಿ ಕಣ್ಣಿಗೆ ಬಿದ್ದದ್ದು. ತಿಗರಿಯ ಮೇಲೆ ಗೋಡೆ ಎತ್ತುವಾಗ ಗೋಡೆಯ ಮಣ್ಣು ಬೆರಳ ನಡುವೆ ಒತ್ತಿಸಿಕೊಂಡು ಬಿಗಿಯಾಗುತ್ತದೆ. ತಳದ ನಡುಭಾಗಕ್ಕೆ ಆ ಒತ್ತು ಸಿಗುವುದಿಲ್ಲ, ಮೇಲಿಂದ ಅಲ್ಲೇ ನೀರು ನಿಂತು ಮೆತ್ತಗಾಗುತ್ತದೆ. ಒಣಗುವಾಗ ಅಂಚು ಮೊದಲು ಗಟ್ಟಿಯಾಗಿ, ಆಮೇಲೆ ನಡುಭಾಗ ಕುಗ್ಗಲು ಹೋದರೆ ಬಿಗಿದ ಅಂಚು ಬಿಡುವುದಿಲ್ಲ. ಸೀಳುತ್ತದೆ. ಮಣ್ಣಿನ ಮುದ್ದೆಯ ನಡುವೆ ತೆರೆದು ತಳ ಮಾಡಿದ ಮೇಲೆ ಬೆರಳಿಂದಲೋ ಮರದ ಚೂರಿನಿಂದಲೋ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ನಾಲ್ಕೈದು ಸಲ ಒತ್ತಿ ಎಳೆಯಿರಿ. ನಿಂತ ನೀರನ್ನು ಸ್ಪಂಜಿನಿಂದ ತೆಗೆಯಿರಿ. ಬಾಯಿ ನಿಲ್ಲುವಷ್ಟು ಗಟ್ಟಿಯಾದ ಕೂಡಲೇ ಮಡಕೆ ಬೋರಲು ಹಾಕಿ, ಬಾಯಿ ಮತ್ತು ಹಿಡಿಯ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಹಿಡಿ ತೆಳುವಾಗಿದ್ದು ಬೇಗ ಒಣಗುತ್ತದೆ, ಸೇರಿಸಿದ ಜಾಗದಲ್ಲಿ ಅದಕ್ಕೇ ಬಿಡುವುದು. ಒಣಗಿದ ಮಡಕೆಯಲ್ಲಿ ಬಿರುಕು ಕಂಡರೆ ತೇಪೆ ಹಾಕಲು ಹೋಗಬೇಡಿ, ಒದ್ದೆ ಮಣ್ಣಿನ ತೇಪೆ ಒಣಗಿ ಮತ್ತೆ ಅಲ್ಲೇ ಬಿಡುತ್ತದೆ. ಪೂರ್ತಿ ಒಣಗಿಸಿ ನೀರಿಗೆ ಹಾಕಿ, ಕರಗಿ ಹೊಸ ಮಣ್ಣಾಗುತ್ತದೆ. ಸುಟ್ಟ ಮೇಲೆ ಆ ಅವಕಾಶ ಇಲ್ಲ.

ಹನ್ನೆರಡು ದಿನದ ಮೇಲೆ ಎದ್ದ ಚಕ್ಕೆ ಮತ್ತು ಬಿಳಿ ಚುಕ್ಕೆ, ಅದು ಸುಣ್ಣ. ನಿಮ್ಮ ಮಣ್ಣಿನಲ್ಲಿ ಸುಣ್ಣದ ಕಲ್ಲಿನ ಸಣ್ಣ ಹರಳು ಸೇರಿದೆ. 800 ಡಿಗ್ರಿ ದಾಟಿದಾಗ ಅದು ಸುಟ್ಟ ಸುಣ್ಣವಾಗುತ್ತದೆ, ಆಮೇಲೆ ಗಾಳಿಯ ತೇವ ಕುಡಿದು ಅರಳುತ್ತದೆ, ಮೇಲಿನ ಚಕ್ಕೆಯನ್ನು ಎತ್ತಿ ಒಗೆಯುತ್ತದೆ. ಒಣಗಿಸುವುದರಲ್ಲಿ ಎಷ್ಟು ಜಾಣತನ ತೋರಿಸಿದರೂ ಇದು ನಿಲ್ಲುವುದಿಲ್ಲ. ಮಣ್ಣನ್ನು ನೀರಲ್ಲಿ ಕದಡಿ ಸಣ್ಣ ಜರಡಿಯಲ್ಲಿ ಸೋಸಬೇಕು, ಇಲ್ಲ ಮಣ್ಣೇ ಬದಲಿಸಬೇಕು. ಅನುಮಾನದ ಹರಳಿನ ಮೇಲೆ ವಿನೆಗರ್ ಹನಿ ಬಿಡಿ, ನೊರೆ ಎದ್ದರೆ ಸುಣ್ಣ. ಆ ಮಣ್ಣಿನ ಉಳಿದ ಮಡಕೆಗಳಿಗೆ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಹಚ್ಚುವ ಮುಂಚೆ ಒಂದು ತಿಂಗಳು ಸುಮ್ನೆ ಇಟ್ಟು ನೋಡಿ.

ಭಯದ ಬಗ್ಗೆ ಬರೆದಿದ್ದಿರಿ. ಮಡಕೆ ಸಿಡಿದರೆ ಆವಿಗೆಯ ಗೋಡೆ ತಡೆಯುತ್ತದೆ, ಚೂರು ಹೊರಗೆ ಹಾರುವುದಿಲ್ಲ. ಆ ಹೊತ್ತಿನಲ್ಲಿ ಮುಚ್ಚಳ ಎತ್ತಿದರೆ ಮಾತ್ರ ಅಪಾಯ. ಕ್ಯಾಂಡ್ಲಿಂಗ್ ಮುಗಿದು ಬಿಸಿ ಏರಲು ಶುರುವಾದರೆ ಮುಚ್ಚಳ ಮುಚ್ಚಿರಲಿ. ಮುಂದೆ ಸದ್ದು ಕೇಳಿದರೆ ಸ್ವಿಚ್ ಆರಿಸಿ, ತೆರೆಯದೆ ತಣ್ಣಗಾಗಲು ಬಿಡಿ, ಚೂರು ತೆಗೆದು ಉಳಿದವನ್ನು ಮತ್ತೆ ಸುಡಿ, ಅವಕ್ಕೇನೂ ಆಗುವುದಿಲ್ಲ. ನೀವು ಸುಡುತ್ತ ಹೋದದ್ದರಿಂದ ಚೂರುಗಳು ಕಾಯಿಲ್ ಸಂದಿನಲ್ಲಿ ಕೂತಿರಬಹುದು. ಮುಂದಿನ ಸಲ ಹಚ್ಚುವ ಮುಂಚೆ ಕರೆಂಟ್ ಕಿತ್ತು, ವ್ಯಾಕ್ಯೂಮ್ ಹಿಡಿದು ತೆಗೆಯಿರಿ. ಕಾಯಿಲ್‌ಗೆ ತಾಗಿದ ಚೂರು ಅಲ್ಲೇ ಬಿಸಿ ಕಟ್ಟಿ ತಂತಿ ಸುಟ್ಟು ಹೋಗುವ ಹಾಗೆ ಮಾಡುತ್ತದೆ.

ನಿಜಕ್ಕೂ ಭಯಪಡಬೇಕಾದದ್ದು ಸದ್ದು ಮಾಡದವು. ಸುಡುವಾಗ ಮಣ್ಣಿನ ಕಸದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಗಂಧಕದ ಹೊಗೆಯೂ ಬರಬಹುದು. ಮಲಗುವ ಕೋಣೆಯ ಪಕ್ಕ, ಕಿಟಕಿ ಇಲ್ಲದ ಜಾಗದಲ್ಲಿ ಆವಿಗೆ ಬೇಡವೇ ಬೇಡ. ಗೋಡೆಯಿಂದ ಎಷ್ಟು ದೂರ ಇರಬೇಕು ಅಂತ ಅದರ ಜೊತೆ ಬಂದ ಕೈಪಿಡಿಯಲ್ಲಿ ಇರುತ್ತದೆ, ಅದನ್ನು ಪಾಲಿಸಿ. ಕೆಂಪಗೆ ಕಾದ ಆವಿಗೆಯನ್ನು ಬರಿಗಣ್ಣಲ್ಲಿ ಇಣುಕಬೇಡಿ, ಇನ್‌ಫ್ರಾರೆಡ್ ತಡೆಯುವ ಕನ್ನಡಕ ಸಿಗುತ್ತದೆ. ಇನ್ನೊಂದು, ಒಣಗಿದ ಮಡಕೆಯನ್ನು ಮರಳು ಕಾಗದದಲ್ಲಿ ಉಜ್ಜುವ ಅಭ್ಯಾಸ ಇದ್ದರೆ ಬಿಡಿ. ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶ ಸೇರಿದರೆ ವಾಪಸ್ ಬರುವುದಿಲ್ಲ. ಒದ್ದೆ ಸ್ಪಂಜಿನಿಂದ ಒರೆಸಿ ನಯ ಮಾಡಿ. ನೆಲವನ್ನೂ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹೀಗೆ ಒರೆಸಿದ ಮಡಕೆಯನ್ನು ಮತ್ತೆ ಒಂದೆರಡು ದಿನ ಒಣಗಿಸಿ, ಮತ್ತೆ ತೂಗಿ.

ಮುಂದಿನ ಸಲ ಏಳು ಇಡಬೇಡಿ. ತೆಳು ತಳದ ಎರಡು, ದಪ್ಪದ್ದು ಒಂದು ಸಾಕು. ಸಂಜೆ 85 ಡಿಗ್ರಿಗೆ ಇಟ್ಟು ಬೆಳಿಗ್ಗೆ ಕನ್ನಡಿ ಹಿಡಿದು ನೋಡಿ, ಅಲ್ಲಿಂದ ಗಂಟೆಗೆ 50ರಂತೆ ಏರಿಸಿ. ಒಡೆದ ಚೂರುಗಳನ್ನು ಕುಟ್ಟಿ ಗ್ರಾಗ್ ಮಾಡಿಕೊಳ್ಳಬಹುದು ಅಂತ ಯಾರಾದರೂ ಹೇಳುತ್ತಾರೆ. ಬೇರೆಯವರಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಿಮ್ಮದರಲ್ಲಿ ಸುಣ್ಣ ಇದೆ, ಎಸೆದುಬಿಡಿ.